ಊರಿನ ಕಚೇರಿ, ಪರದೇಶದ ಗಡಿಯಾರ: ದೂರದಿಂದ ದುಡಿಯುವವರು ತಿಳಿದಿರಬೇಕಾದ ವಿಚಾರಗಳು

ಪರದೇಶಕ್ಕೆ ಹೋಗುವುದೆಂದರೆ ಅಲ್ಲಿ ಹೊಸ ಕೆಲಸಕ್ಕೆ ಸೇರುವುದು ಎಂಬುದು ನಮ್ಮ ಕರಾವಳಿಯ ಹಳೆಯ ಲೆಕ್ಕ. ಹಿಂದೆ ಮುಂಬಯಿಗೆ ಹೋದವರೂ ಆಮೇಲೆ ಗಲ್ಫ್‌ಗೆ ಹೋದವರೂ ಹಾಗೆಯೇ ಮಾಡಿದರು. 2020ರ ಕೊರೋನಾ ಕಾಲದ ಬಳಿಕ ಇನ್ನೊಂದು ಬಗೆಯ ವಲಸೆಯೂ ಕಾಣಿಸಿಕೊಂಡಿದೆ. ಪತ್ನಿಗೆ ಐರ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಗುತ್ತದೆ. ಪತಿ ಮಕ್ಕಳನ್ನು ಕರೆದುಕೊಂಡು ಜತೆಯಲ್ಲಿ ಹೋಗುತ್ತಾರೆ, ಆದರೆ ಬೆಂಗಳೂರಿನ ಕಂಪೆನಿಯ ಕೆಲಸವನ್ನು ಬಿಡುವುದಿಲ್ಲ. ಇಲ್ಲವೇ ಮಗಳು ಮದುವೆಯಾಗಿ ಟೊರೊಂಟೊಗೆ ಹೋಗುತ್ತಾಳೆ, ಅವಳ ಲ್ಯಾಪ್‌ಟಾಪಿನೊಡನೆ ಕಚೇರಿಯೂ ಅಲ್ಲಿಗೆ ಹೋಗುತ್ತದೆ. ಸಂಬಳ ಬರುತ್ತಿದೆ, ಕುಟುಂಬ ಒಟ್ಟಿಗಿದೆ, ಇನ್ನೇನು ಬೇಕು ಎಂದು ಊರಿನವರು ಹೇಳುತ್ತಾರೆ.

ಕೆಲವು ತಿಂಗಳು ಕಳೆದಾಗ ಬೇರೊಂದು ಮಾತು ಕೇಳಿಬರುತ್ತದೆ. ‘ನಿದ್ರೆಯೇ ಇಲ್ಲ’, ‘ಒಂದೇ ಮನೆಯಲ್ಲಿದ್ದೂ ಗಂಡ ಹೆಂಡತಿ ಮಾತಾಡಲು ಸಮಯವಿಲ್ಲ’, ‘ಆದಿತ್ಯವಾರ ರಾತ್ರಿಯೇ ಡ್ಯೂಟಿ ಆರಂಭ’. ಇದಕ್ಕೆ ಕಾರಣ ಕೆಲಸದ ಹೊರೆಯೊಂದೇ ಅಲ್ಲ, ಎರಡು ಗಡಿಯಾರಗಳ ನಡುವಿನ ಅಂತರ. ಈ ಅಂತರವನ್ನು ಯಾವ ಯಂತ್ರವೂ ಅಳಿಸುವುದಿಲ್ಲ. ಯಾರಾದರೊಬ್ಬರು ತಮ್ಮ ರಾತ್ರಿಯನ್ನು ಕೊಟ್ಟು ಅದನ್ನು ತುಂಬಿಸಬೇಕಾಗುತ್ತದೆ. ಆ ರಾತ್ರಿ ಯಾರದು, ಎಷ್ಟು ದಿನ, ಎಷ್ಟು ಗಂಟೆ ಎಂಬುದನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಂಡವರು ನೆಮ್ಮದಿಯಿಂದ ಇರಬಲ್ಲರು. ಈ ನಿಟ್ಟಿನಲ್ಲಿ ತಿಳಿದಿರಬೇಕಾದ ಕೆಲವು ವಿಚಾರಗಳನ್ನು ಇಲ್ಲಿ ವಿವರಿಸಲಾಗಿದೆ.

ಅಂತರ ಬಂದದ್ದು ಹೇಗೆ?

ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಲಂಡನಿನ ಗ್ರೀನಿಚ್ ಮೂಲಕ ಹಾದುಹೋಗುವ ರೇಖೆಯನ್ನು ಸೊನ್ನೆ ಎಂದು ಎಣಿಸುವುದೆಂದು 1884ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನ ನಿರ್ಣಯಿಸಿತು. ಭಾರತದ ಅಧಿಕೃತ ಸಮಯ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖೆಯದ್ದು. ಆದುದರಿಂದ ನಾವು ಗ್ರೀನಿಚ್‌ಗಿಂತ 5½ ಗಂಟೆ ಮುಂದಿದ್ದೇವೆ. ಮಂಗಳೂರು ಈ ರೇಖೆಯಿಂದ ಸಾಕಷ್ಟು ಪಶ್ಚಿಮಕ್ಕಿರುವ ಕಾರಣ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12 ಗಂಟೆಗಲ್ಲ, ಸುಮಾರು 12.30ಕ್ಕೆ. ಗಡಿಯಾರವೆಂಬುದು ಜನರು ಮಾಡಿಕೊಂಡ ಒಪ್ಪಂದ, ಶರೀರ ಮಾತ್ರ ಸೂರ್ಯನನ್ನೇ ಕೇಳುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಮುಂದೆ ಈ ಮಾತು ಉಪಯೋಗಕ್ಕೆ ಬರುತ್ತದೆ.

ಬೆಂಗಳೂರಿನ ಕಚೇರಿ ಬೆಳಿಗ್ಗೆ 9.30ರಿಂದ ಸಂಜೆ 6.30ರ ತನಕ ಎಂದಿಟ್ಟುಕೊಳ್ಳೋಣ. ಅದೇ ಹೊತ್ತಿಗೆ ಬೇರೆ ಬೇರೆ ಊರುಗಳಲ್ಲಿ ಕುಳಿತವರಿಗೆ ಗಂಟೆ ಎಷ್ಟಾಗಿರುತ್ತದೆ ಎಂಬುದನ್ನು ನೋಡಿ:

ದುಬೈ: ಬೆಳಿಗ್ಗೆ 8ರಿಂದ ಸಂಜೆ 5. ಇಲ್ಲಿ ತೊಂದರೆಯೇ ಇಲ್ಲ.

ಡಬ್ಲಿನ್: ಚಳಿಗಾಲದಲ್ಲಿ ಮುಂಜಾನೆ 4ರಿಂದ ಮಧ್ಯಾಹ್ನ 1, ಬೇಸಿಗೆಯಲ್ಲಿ ಮುಂಜಾನೆ 5ರಿಂದ ಮಧ್ಯಾಹ್ನ 2.

ಟೊರೊಂಟೊ: ಚಳಿಗಾಲದಲ್ಲಿ ಹಿಂದಿನ ರಾತ್ರಿ 11ರಿಂದ ಬೆಳಿಗ್ಗೆ 8, ಬೇಸಿಗೆಯಲ್ಲಿ ನಡುರಾತ್ರಿ 12ರಿಂದ ಬೆಳಿಗ್ಗೆ 9.

ಸ್ಯಾನ್ ಫ್ರಾನ್ಸಿಸ್ಕೊ: ಚಳಿಗಾಲದಲ್ಲಿ ಹಿಂದಿನ ರಾತ್ರಿ 8ರಿಂದ ಮುಂಜಾನೆ 5, ಬೇಸಿಗೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6.

ಆಕ್ಲೆಂಡ್: ಜನವರಿಯಲ್ಲಿ ಸಂಜೆ 5ರಿಂದ ನಡುರಾತ್ರಿ ಕಳೆದು 2, ಜುಲೈಯಲ್ಲಿ ಸಂಜೆ 4ರಿಂದ ರಾತ್ರಿ 1.

ಈ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ಟೊರೊಂಟೊದವರಿಗೆ ಭಾರತದ ಸೋಮವಾರ ಆರಂಭವಾಗುವುದು ಅವರ ಆದಿತ್ಯವಾರ ರಾತ್ರಿ 11ಕ್ಕೆ. ಶುಕ್ರವಾರ ಬೆಳಿಗ್ಗೆ 8ಕ್ಕೆ ಅವರ ವಾರ ಮುಗಿಯುತ್ತದೆ. ಆಕ್ಲೆಂಡಿನವರಿಗೆ ತದ್ವಿರುದ್ಧ. ಭಾರತದ ಶುಕ್ರವಾರದ ಕೆಲಸ ಮುಗಿಯುವಾಗ ಅಲ್ಲಿ ಶನಿವಾರ ಮುಂಜಾನೆ 2 ಗಂಟೆ. ಆದುದರಿಂದ ‘ವಾರಕ್ಕೆ ಐದು ದಿನ ಕೆಲಸ’ ಎಂದು ಒಪ್ಪಿಕೊಳ್ಳುವಾಗ ಯಾವ ಊರಿನ ಐದು ದಿನ ಎಂಬುದನ್ನೂ ಕೇಳಬೇಕು.

ವರ್ಷಕ್ಕೆರಡು ಬಾರಿ ಬದಲಾಗುವ ಗಡಿಯಾರ

ಭಾರತದಲ್ಲಿಯೂ ಗಲ್ಫ್ ದೇಶಗಳಲ್ಲಿಯೂ ಗಡಿಯಾರ ವರ್ಷವಿಡೀ ಒಂದೇ ರೀತಿ ಇರುತ್ತದೆ. ಆದರೆ ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಆದಿತ್ಯವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟು, ಅಕ್ಟೋಬರ್ ಕೊನೆಯ ಆದಿತ್ಯವಾರ ಹಿಂದೆ ಇಡುತ್ತಾರೆ. ಅಮೆರಿಕ ಮತ್ತು ಕೆನಡಾದ ಹೆಚ್ಚಿನ ಕಡೆಗಳಲ್ಲಿ 2007ರಿಂದ ಇದು ಮಾರ್ಚ್‌ನ ಎರಡನೇ ಆದಿತ್ಯವಾರ ಮತ್ತು ನವೆಂಬರ್‌ನ ಮೊದಲ ಆದಿತ್ಯವಾರ ನಡೆಯುತ್ತದೆ. ನ್ಯೂಜಿಲೆಂಡಿನಲ್ಲಿ ಸೆಪ್ಟೆಂಬರ್ ಕೊನೆಯ ಆದಿತ್ಯವಾರ ಮುಂದೆ, ಏಪ್ರಿಲ್ ಮೊದಲ ಆದಿತ್ಯವಾರ ಹಿಂದೆ. ಆಸ್ಟ್ರೇಲಿಯಾದ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಗಡಿಯಾರ ಬದಲಾಗುತ್ತದೆ, ಬ್ರಿಸ್ಬೇನ್ ಮತ್ತು ಪರ್ತ್‌ಗಳಲ್ಲಿ ಇಲ್ಲ. ಈ ಪದ್ಧತಿಯನ್ನು ನಿಲ್ಲಿಸಬೇಕೆಂದು ಯುರೋಪಿಯನ್ ಸಂಸತ್ತು 2019ರಲ್ಲಿ ಮತ ನೀಡಿತ್ತು. ಆದರೆ ಸದಸ್ಯ ದೇಶಗಳ ನಡುವೆ ಒಮ್ಮತ ಮೂಡದೆ ಅದು ಜಾರಿಗೆ ಬರಲಿಲ್ಲ.

ಇದರ ಪರಿಣಾಮವೇನು? ಟೊರೊಂಟೊ, ಡಬ್ಲಿನ್, ಬೆಂಗಳೂರು ಮೂರೂ ಕಡೆಯ ಜನರಿರುವ ಒಂದು ಮೀಟಿಂಗನ್ನು ತೆಗೆದುಕೊಳ್ಳಿ. ಮಾರ್ಚ್ 20ರಂದು ಭಾರತದ ಸಂಜೆ 5.30 ಎಂದರೆ ಟೊರೊಂಟೊದಲ್ಲಿ ಬೆಳಿಗ್ಗೆ 8, ಡಬ್ಲಿನ್‌ನಲ್ಲಿ ಮಧ್ಯಾಹ್ನ 12. ಎರಡು ವಾರ ಕಳೆದ ಮೇಲೆ ಅದೇ 5.30ಕ್ಕೆ ಡಬ್ಲಿನ್‌ನಲ್ಲಿ 1 ಗಂಟೆ. ಮಗುವನ್ನು ಶಾಲೆಯಿಂದ ಕರೆತರುವ ಸಮಯವನ್ನು ಈ ಮೀಟಿಂಗಿಗೆ ಹೊಂದಿಸಿಕೊಂಡವರ ದಿನ ಬುಡಮೇಲಾಗಲು ಇಷ್ಟು ಸಾಕು.

ಇನ್ನು ಸಮಯದ ಹೆಸರುಗಳ ಗೊಂದಲ. ನಮಗೆ ‘ಐಎಸ್‌ಟಿ’ ಎಂದರೆ ಭಾರತದ ಸಮಯ. ಐರ್ಲೆಂಡಿನಲ್ಲಿ ಅದೇ ಮೂರು ಅಕ್ಷರಗಳಿಗೆ ಐರಿಶ್ ಸಮಯವೆಂದೂ, ನಮ್ಮೂರಿನ ಅನೇಕರು ದುಡಿಯುತ್ತಿರುವ ಇಸ್ರೇಲಿನಲ್ಲಿ ಇಸ್ರೇಲಿ ಸಮಯವೆಂದೂ ಅರ್ಥ. ಆದುದರಿಂದ ಪತ್ರ, ಈಮೇಲ್‌ಗಳಲ್ಲಿ ಈ ಮೂರಕ್ಷರಗಳನ್ನು ನಂಬದೆ ‘ಬೆಂಗಳೂರಿನ ಸಂಜೆ 5.30, ಡಬ್ಲಿನ್‌ನ ಮಧ್ಯಾಹ್ನ 12’ ಎಂದು ಊರಿನ ಹೆಸರು ಹಾಕಿ ದಿನಾಂಕ, ವಾರ ಸಹಿತ ಬರೆಯುವುದು ಕ್ಷೇಮ. ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿಯೂ ಊರಿನ ಹೆಸರನ್ನೇ ಆರಿಸಿದರೆ ಬದಲಾವಣೆಯ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ.

ಶರೀರದ ಗಡಿಯಾರ

ವಿಮಾನದಲ್ಲಿ ದೂರದ ದೇಶಕ್ಕೆ ಹೋದಾಗ ಕೆಲವು ದಿನ ನಿದ್ರೆ ಕೆಡುತ್ತದೆ, ಆಮೇಲೆ ಸರಿಯಾಗುತ್ತದೆ. ‘ಹಾಗೆಯೇ ಇದೂ ಅಭ್ಯಾಸವಾಗಿ ಹೋಗುತ್ತದೆ’ ಎಂದು ಅನೇಕರು ಭಾವಿಸುತ್ತಾರೆ. ಇವೆರಡೂ ಒಂದೇ ಅಲ್ಲ. ಪ್ರಯಾಣ ಮಾಡಿದವರಿಗೆ ಹೊಸ ಊರಿನ ಸೂರ್ಯನೇ ಸಹಾಯಕ, ದಿನದಿಂದ ದಿನಕ್ಕೆ ಶರೀರವನ್ನು ಅಲ್ಲಿಯ ಹಗಲಿಗೆ ಎಳೆದು ತರುತ್ತಾನೆ. ಟೊರೊಂಟೊದಲ್ಲಿ ವಾಸವಿದ್ದು ಬೆಂಗಳೂರಿನ ಹಗಲಿನಲ್ಲಿ ದುಡಿಯುವವರಿಗೆ ಅದೇ ಸೂರ್ಯ ಪ್ರತಿದಿನ ವಿರುದ್ಧ ದಿಕ್ಕಿಗೆ ಎಳೆಯುತ್ತಾನೆ. ರಜೆಯ ಎರಡು ದಿನ ಹಗಲಿನ ಬದುಕಿಗೆ ಮರಳಿದರೆ ಅಷ್ಟು ದಿನ ಮಾಡಿಕೊಂಡ ಅಭ್ಯಾಸವೂ ಕೆಡುತ್ತದೆ.

ನಮ್ಮ ಮೆದುಳಿನಲ್ಲಿ ಕಣ್ಣಿನಿಂದ ಬರುವ ಬೆಳಕಿನ ಸೂಚನೆಯನ್ನು ಪಡೆದು ದಿನಚರಿಯನ್ನು ನಡೆಸುವ ಒಂದು ಪುಟ್ಟ ಕೇಂದ್ರವಿದೆ. ಕತ್ತಲಾದಾಗ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಪ್ರಖರ ಬೆಳಕು ಬಿದ್ದರೆ ಅದು ತಗ್ಗುತ್ತದೆ. ಜೀವಕೋಶಗಳೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಾತ್ರಿ ಪಾಳಿಯ ಕೆಲಸವನ್ನು 2007ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿ, 2019ರಲ್ಲಿ ಪುನಃ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿತು. ಇದು ಪುರಾವೆ ಎಷ್ಟು ಬಲವಾಗಿದೆ ಎಂಬುದನ್ನು ಹೇಳುವ ವರ್ಗೀಕರಣವೇ ಹೊರತು ರಾತ್ರಿ ದುಡಿದವರಿಗೆಲ್ಲ ಕಾಯಿಲೆ ಬರುತ್ತದೆ ಎಂದರ್ಥವಲ್ಲ. ಆದರೆ ವರ್ಷಗಟ್ಟಲೆ ರಾತ್ರಿ ಕೆಲಸಕ್ಕೆ ‘ಏನೂ ಆಗುವುದಿಲ್ಲ’ ಎಂದು ಒಪ್ಪಿಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕು.

ಕೂಡಲೇ ಎದುರಾಗುವ ಅಪಾಯ ಇನ್ನೊಂದಿದೆ. 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರಾತ್ರಿಯಿಡೀ ಕೆಲಸ ಮಾಡಿ, ಬೆಳಿಗ್ಗೆ ಮಕ್ಕಳನ್ನು ಕಾರಿನಲ್ಲಿ ಶಾಲೆಗೆ ಬಿಡುವವರು ಇದನ್ನು ಗಮನಿಸಬೇಕು. ಆ ಕೆಲಸವನ್ನು ಮನೆಯ ಇನ್ನೊಬ್ಬರು ಮಾಡಲಿ, ಇಲ್ಲವೇ ನಡೆದುಹೋಗುವಷ್ಟು ಹತ್ತಿರ ಮನೆ ಮಾಡುವುದು ಒಳ್ಳೆಯದು.

ರಾತ್ರಿ ಕೆಲಸ ಅನಿವಾರ್ಯವಾದರೆ ಪಾಲಿಸಬೇಕಾದ ಕ್ರಮಗಳು ಸರಳವಾಗಿವೆ. ಪಾಳಿಯ ಮೊದಲರ್ಧದಲ್ಲಿ ಕೋಣೆಯಲ್ಲಿ ಒಳ್ಳೆಯ ಬೆಳಕಿರಲಿ, ಕೊನೆಯ ಎರಡು ಗಂಟೆ ಕಡಿಮೆ ಮಾಡಿ. ಕಾಫಿ, ಚಹಾದಲ್ಲಿನ ಕೆಫೀನಿನ ಅರ್ಧ ಭಾಗ ಸುಮಾರು 5 ಗಂಟೆಗಳ ಬಳಿಕವೂ ಶರೀರದಲ್ಲಿ ಉಳಿಯುವುದರಿಂದ ಮಲಗುವುದಕ್ಕಿಂತ ಆರು ಗಂಟೆ ಮೊದಲೇ ಅದನ್ನು ನಿಲ್ಲಿಸಿ. ಮಲಗುವ ಕೋಣೆಗೆ ದಪ್ಪದ ಕಪ್ಪು ಪರದೆ ಹಾಕಿ. ವಯಸ್ಕರಿಗೆ ಕನಿಷ್ಠ 7 ಗಂಟೆಯ ನಿದ್ರೆ ಬೇಕು. ಅದನ್ನು ಎರಡು ತುಂಡಾಗಿ ಮಾಡುವುದಾದರೂ ದಿನವೂ ಒಂದೇ ಹೊತ್ತಿಗೆ ಮಲಗಿ. ರಕ್ತದೊತ್ತಡ, ಮಧುಮೇಹಕ್ಕೆ ಔಷಧಿ ಸೇವಿಸುವವರು ಹೊಸ ದಿನಚರಿಯನ್ನು ವೈದ್ಯರಿಗೆ ತಿಳಿಸಿಯೇ ಮಾತ್ರೆಯ ಹೊತ್ತನ್ನು ನಿರ್ಧರಿಸಬೇಕು.

ಕಚೇರಿಯೊಡನೆ ಮಾತಾಡಿಕೊಳ್ಳುವುದು ಹೇಗೆ?

ದೂರದಿಂದ ದುಡಿಯುವವರೆಲ್ಲ ಪೂರ್ತಿ ರಾತ್ರಿ ಎಚ್ಚರವಿರಬೇಕೆಂದಿಲ್ಲ. ಇಡೀ ಎಂಟು ಗಂಟೆ ಎರಡೂ ಕಡೆಯವರು ಒಟ್ಟಿಗಿರಬೇಕಾದ ಕೆಲಸಗಳು ಕಡಿಮೆ. ದಿನಕ್ಕೆ ಎರಡು ಗಂಟೆ ಜತೆಯಾಗಿ ಸಿಕ್ಕಿದರೆ ಉಳಿದದ್ದನ್ನು ಅವರವರ ಹಗಲಿನಲ್ಲಿ ಮಾಡಬಹುದಾದ ಕೆಲಸಗಳೇ ಹೆಚ್ಚು. ಡಬ್ಲಿನ್‌ನವರು ಬೆಳಿಗ್ಗೆ 7ಕ್ಕೆ ಕುಳಿತರೆ ಚಳಿಗಾಲದಲ್ಲಿಯೂ ಭಾರತದ 12.30ರಿಂದ 6.30ರ ತನಕ ಜತೆಗಿರಬಹುದು. ಟೊರೊಂಟೊದವರು ಬೆಳಿಗ್ಗೆ 7ರಿಂದ 9ರ ತನಕವನ್ನು ಇದಕ್ಕೆ ಮೀಸಲಿಟ್ಟರೆ ಭಾರತದಲ್ಲಿ ಚಳಿಗಾಲದ ಸಂಜೆ 5.30ರಿಂದ 7.30. ಇವರು ಒಂದಿಷ್ಟು ಬೇಗ ಏಳುತ್ತಾರೆ, ಅವರು ಒಂದಿಷ್ಟು ತಡವಾಗಿ ಮನೆಗೆ ಹೋಗುತ್ತಾರೆ. ಆಕ್ಲೆಂಡಿನವರು ಬೆಳಿಗ್ಗೆ 11ರಿಂದ ಸಂಜೆ 7ರ ತನಕ ದುಡಿದರೆ ಜನವರಿಯಲ್ಲಿಯೂ ಕೊನೆಯ ಎರಡು ಗಂಟೆ ಬೆಂಗಳೂರಿನ ಬೆಳಗ್ಗೆಗೆ ಸಿಗುತ್ತದೆ.

ಆದರೆ ಹತ್ತು ಮಂದಿ ಬೆಂಗಳೂರಿನಲ್ಲಿ, ಒಬ್ಬರು ಮಾತ್ರ ಪರದೇಶದಲ್ಲಿ ಎಂದಾಗ ಕಚೇರಿ ತಾನಾಗಿ ಬದಲಾಗುವುದಿಲ್ಲ. ನಾವೇ ಕೇಳಬೇಕು. ಕೇಳುವಾಗ ಈ ನಾಲ್ಕು ವಿಷಯಗಳನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಉತ್ತಮ:

1. ಪ್ರತಿದಿನ ಜತೆಗಿರಬೇಕಾದ ಗಂಟೆಗಳು ಯಾವುವು, ಬೇಸಿಗೆ ಮತ್ತು ಚಳಿಗಾಲದಲ್ಲಿ ಅವು ಹೇಗೆ ಬದಲಾಗುತ್ತವೆ.

2. ಆ ಗಂಟೆಗಳ ಹೊರಗೆ ಕರೆ ಬಂದರೆ ಯಾವುದಕ್ಕೆ ಮಾತ್ರ ಉತ್ತರಿಸಬೇಕು. ‘ತುರ್ತು’ ಎಂದರೆ ಏನು ಎಂಬುದನ್ನೂ ಬರೆದಿಡಬೇಕು.

3. ವಾರದ ದೊಡ್ಡ ಮೀಟಿಂಗಿನ ಕಷ್ಟ ಯಾವಾಗಲೂ ಒಬ್ಬರ ಮೇಲೆಯೇ ಬೀಳದಂತೆ ಒಂದು ವಾರ ಅವರ ಸಂಜೆಗೆ, ಒಂದು ವಾರ ಇವರ ಸಂಜೆಗೆ ಇಡಬಹುದೇ ಎಂಬುದು.

4. ರಜೆಗಳು ಯಾವ ಊರಿನವು. ನವೆಂಬರ್ 1ರ ರಾಜ್ಯೋತ್ಸವ ಡಬ್ಲಿನ್‌ನ ಕ್ಯಾಲೆಂಡರಿನಲ್ಲಿಲ್ಲ, ಮಾರ್ಚ್ 17ರ ಸಂತ ಪ್ಯಾಟ್ರಿಕ್ ದಿನದ ರಜೆ ಬೆಂಗಳೂರಿನಲ್ಲಿಲ್ಲ. ಯುಎಇಯಲ್ಲಿ 2022ರಿಂದ ಸರಕಾರಿ ಕಚೇರಿಗಳಿಗೆ ಶನಿವಾರ, ಆದಿತ್ಯವಾರ ರಜೆಯಾದರೆ, ಸೌದಿಯಲ್ಲಿ ಶುಕ್ರವಾರ, ಶನಿವಾರ.

ಪ್ರಶ್ನೆ ಕೇಳುವ ರೀತಿಯನ್ನೂ ಬದಲಾಯಿಸಿಕೊಳ್ಳಬೇಕು. ಟೊರೊಂಟೊದ ಬೆಳಿಗ್ಗೆ 10ಕ್ಕೆ ಕಳುಹಿಸಿದ ಪ್ರಶ್ನೆ ಬೆಂಗಳೂರಿಗೆ ತಲುಪುವಾಗ ರಾತ್ರಿ 8.30. ಮರುದಿನ ಅವರು ಉತ್ತರಿಸುವಾಗ ಇಲ್ಲಿ ನಡುರಾತ್ರಿ. ‘ಯಾವ ಫೈಲ್?’ ಎಂಬ ಒಂದೇ ಮರುಪ್ರಶ್ನೆಗೆ ಇನ್ನೊಂದು ದಿನ ಹೋಯಿತು. ಆದುದರಿಂದ ಒಂದೇ ಪತ್ರದಲ್ಲಿ ವಿಷಯ, ಫೈಲಿನ ಹೆಸರು, ನಾವು ಮಾಡಿದ ಪ್ರಯತ್ನ, ‘ಹೌದೆಂದರೆ ಹೀಗೆ ಮಾಡುತ್ತೇನೆ, ಅಲ್ಲವೆಂದರೆ ಹೀಗೆ’ ಎಂಬ ಎರಡು ದಾರಿ, ಕೊನೆಯ ದಿನ ಎಲ್ಲವನ್ನೂ ಬರೆಯಬೇಕು. ಆಸ್ಪತ್ರೆಯಲ್ಲಿ ಒಂದು ಪಾಳಿಯ ನರ್ಸ್ ಮುಂದಿನ ಪಾಳಿಯವರಿಗೆ ರೋಗಿಯ ವಿವರ ಒಪ್ಪಿಸಿ ಹೋಗುವಂತೆ, ಪ್ರತಿದಿನ ಕೆಲಸ ಮುಗಿಸುವಾಗ ‘ಆದದ್ದು, ಬಾಕಿಯಿರುವುದು, ಯಾರಿಂದ ಏನು ಬೇಕು’ ಎಂದು ಮೂರು ಸಾಲು ಬರೆದಿಟ್ಟರೆ ಅರ್ಧ ಮೀಟಿಂಗುಗಳು ಬೇಕಾಗುವುದಿಲ್ಲ.

ಕೂತಿರುವ ನೆಲದ ಕಾನೂನು

‘ಕಂಪೆನಿ ಭಾರತದ್ದು, ಸಂಬಳ ಭಾರತದ ಬ್ಯಾಂಕಿಗೆ, ಹಾಗಾಗಿ ಇಲ್ಲಿಯ ಸರಕಾರಕ್ಕೆ ಸಂಬಂಧವಿಲ್ಲ’ ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಕೆಲಸ ಎಲ್ಲಿ ಕುಳಿತು ಮಾಡಿದ್ದು ಎಂಬುದು ಕಾನೂನಿಗೆ ಮುಖ್ಯ. ಐರ್ಲೆಂಡಿನಲ್ಲಿ ಕುಳಿತು ಹೊರದೇಶದ ಕಂಪೆನಿಗೆ ದುಡಿದರೂ ಅಲ್ಲಿ ಮಾಡಿದ ಕೆಲಸದ ವೇತನ ಅಲ್ಲಿಯ ಆದಾಯ ತೆರಿಗೆಗೆ ಒಳಪಡುತ್ತದೆ. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಂತೆ ಭಾರತವು ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ದೇಶಗಳೊಡನೆ ಒಪ್ಪಂದ ಮಾಡಿಕೊಂಡಿದೆ. ಆದರೆ ಅದರ ಪ್ರಯೋಜನ ಸಿಗಬೇಕಾದರೆ ಎರಡೂ ಕಡೆ ಸರಿಯಾಗಿ ಲೆಕ್ಕ ಸಲ್ಲಿಸಿರಬೇಕು.

ವೀಸಾದ ನಿಯಮಗಳೂ ದೇಶದಿಂದ ದೇಶಕ್ಕೆ ಬೇರೆ. ಸಂದರ್ಶಕರಾಗಿ ಬಂದವರು ಹೊರದೇಶದ ಕಂಪೆನಿಗೆ ದೂರದಿಂದ ದುಡಿಯಲು ಕೆನಡಾ ಆರು ತಿಂಗಳ ತನಕ ಅವಕಾಶ ಕೊಡುತ್ತದೆ. ನ್ಯೂಜಿಲೆಂಡ್ 2025ರ ಜನವರಿ 27ರಿಂದ ಸಂದರ್ಶಕ ವೀಸಾದಲ್ಲಿ ಇದಕ್ಕೆ ಅನುಮತಿ ನೀಡಿದೆ, ಆದರೆ 90 ದಿನ ಮೀರಿದರೆ ತೆರಿಗೆಯ ಪ್ರಶ್ನೆ ಬರಬಹುದು. ಯುಎಇಯಲ್ಲಿ ಇದಕ್ಕೆಂದೇ ಒಂದು ವರ್ಷದ ವೀಸಾ ಇದೆ. ಇಂತಹ ಅನುಮತಿ ಎಲ್ಲ ದೇಶಗಳಲ್ಲಿಲ್ಲ. ಟಿಕೆಟ್ ಮಾಡುವ ಮೊದಲೇ ಆಯಾ ದೇಶದ ಸರಕಾರಿ ವೆಬ್‌ಸೈಟ್ ನೋಡಿ, ತೆರಿಗೆ ಬಲ್ಲವರನ್ನು ಕೇಳಿ, ಕಂಪೆನಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಕಂಪೆನಿಗೆ ತಿಳಿಸದೆ ಹೋಗಿ ಕೆಲಸ ಮಾಡಿದರೆ ಕೆಲಸವನ್ನೇ ಕಳೆದುಕೊಳ್ಳಬೇಕಾದೀತು.

ವಿರಾಮದ ಹಕ್ಕಿನ ಬಗೆಗೂ ಕೆಲವು ದೇಶಗಳು ಕಾನೂನು ಮಾಡಿವೆ. ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಕರೆಗೆ ಓಗೊಡದಿರುವ ಹಕ್ಕನ್ನು ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಿಂದ ನೀಡಿವೆ. ಐರ್ಲೆಂಡ್ 2021ರಲ್ಲಿ ಈ ಬಗ್ಗೆ ನೀತಿಸಂಹಿತೆ ತಂದಿತು. ಬೆಂಗಳೂರಿನ ಕಂಪೆನಿಯ ಮೇಲೆ ಇವು ನೇರವಾಗಿ ಅನ್ವಯವಾಗುತ್ತವೆ ಎಂದು ಭಾವಿಸಬೇಕಾಗಿಲ್ಲ. ಆದರೆ ಇಂತಹ ಬೇಡಿಕೆ ಅತಿಯಾದದ್ದಲ್ಲ ಎಂದು ತೋರಿಸಲು ಇವು ಸಾಕು.

ಮನೆಯೊಳಗಿನ ಗಡಿಯಾರ

ಪತ್ನಿ ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಆಸ್ಪತ್ರೆಯಲ್ಲಿ, ಪತಿ ಮುಂಜಾನೆ 4ಕ್ಕೆ ಎದ್ದು ಕಂಪ್ಯೂಟರ್ ಎದುರು. ರಾತ್ರಿ ಅವರು ಮನೆಗೆ ಬರುವಾಗ ಇವರಿಗೆ ನಿದ್ರೆಯ ಹೊತ್ತು. ಹೀಗಾದರೆ ಕುಟುಂಬ ಒಟ್ಟಿಗಿರಬೇಕೆಂದು ಹೋದವರು ಬಾಗಿಲಲ್ಲಿ ಮಾತ್ರ ಭೇಟಿಯಾಗುವ ಸ್ಥಿತಿ ಬರುತ್ತದೆ. ವಾರದ ಆರಂಭದಲ್ಲಿ ಇಬ್ಬರ ಪಾಳಿಯನ್ನೂ ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ, ಒಟ್ಟಿಗೆ ಊಟ ಮಾಡುವ ಹೊತ್ತುಗಳಿಗೆ ಮೊದಲು ಗುರುತು ಹಾಕಿ. ಆಮೇಲೆ ಉಳಿದ ಜಾಗದಲ್ಲಿ ಮೀಟಿಂಗುಗಳನ್ನು ಇಡಿ. ಮನೆಯಲ್ಲಿದ್ದಾರೆ ಎಂದ ಮಾತ್ರಕ್ಕೆ ಅವರು ಬಿಡುವಾಗಿದ್ದಾರೆ ಎಂದಲ್ಲ ಎಂಬುದನ್ನು ಮಕ್ಕಳಿಗೂ ನೆರೆಯವರಿಗೂ ತಿಳಿಸಿಬಿಡುವುದು ಲೇಸು.

ಊರಿನಲ್ಲಿರುವ ಹಿರಿಯರಿಗೂ ಒಂದು ಮಾತು. ರಾತ್ರಿಯ ಊಟ ಮುಗಿಸಿ 9 ಗಂಟೆಗೆ ನೀವು ಫೋನ್ ಮಾಡುವಾಗ ಡಬ್ಲಿನ್‌ನಲ್ಲಿ ಸಂಜೆ 3.30 ಅಥವಾ 4.30, ಅದು ಮಾತಾಡಲು ಒಳ್ಳೆಯ ಹೊತ್ತು. ಆಕ್ಲೆಂಡಿನಲ್ಲಿ ಆಗ ನಡುರಾತ್ರಿ ಕಳೆದಿರುತ್ತದೆ. ಟೊರೊಂಟೊದಲ್ಲಿರುವ ಮಗಳು ರಾತ್ರಿ ಪಾಳಿ ಮುಗಿಸಿ ಆಗ ತಾನೇ ಮಲಗಿರಬಹುದು. ‘ಅಮ್ಮ ಕರೆದರೂ ಎತ್ತುವುದಿಲ್ಲ’ ಎಂದು ಬೇಸರಿಸುವ ಮೊದಲು ಅಲ್ಲಿ ಗಂಟೆ ಎಷ್ಟೆಂದು ನೋಡಿ. ಮಕ್ಕಳೂ ಅಷ್ಟೇ: ವಾರಕ್ಕೆ ಎರಡು ನಿಶ್ಚಿತ ಹೊತ್ತನ್ನು ತಂದೆ ತಾಯಿಗೆ ಹೇಳಿ, ಅದನ್ನು ಕಚೇರಿಯ ಮೀಟಿಂಗಿನಷ್ಟೇ ಕಟ್ಟುನಿಟ್ಟಾಗಿ ಪಾಲಿಸಬೇಕು. ಕಾಯುವವರಿಗೆ ಹೊತ್ತು ತಿಳಿದಿದ್ದರೆ ಕಾಯುವುದು ಕಷ್ಟವಲ್ಲ.

ಪರದೇಶದಲ್ಲಿದ್ದು ಊರಿನ ಕೆಲಸ ಮಾಡುವುದು ಅನೇಕ ಕುಟುಂಬಗಳಿಗೆ ಆಸರೆಯಾಗಿದೆ, ಅದನ್ನು ಬೇಡವೆನ್ನುವಂತಿಲ್ಲ. ಆದರೆ ಸಂಬಳದ ಲೆಕ್ಕ ಹಾಕುವಾಗ ಕೊಡಬೇಕಾದ ರಾತ್ರಿಗಳ ಲೆಕ್ಕವನ್ನೂ ಹಾಕಿ. ಆರು ತಿಂಗಳಿಗೊಮ್ಮೆ ಗಂಡ ಹೆಂಡತಿ ಕುಳಿತು ನಿದ್ರೆ, ಆರೋಗ್ಯ, ಮಕ್ಕಳೊಡನೆ ಕಳೆದ ಹೊತ್ತು ಇವುಗಳನ್ನು ಪರಿಶೀಲಿಸಿ. ಹೊಂದಿಕೆಯಾಗುತ್ತಿದ್ದರೆ ಮುಂದುವರಿಸಿ, ಇಲ್ಲವಾದರೆ ಗಂಟೆಗಳನ್ನು ಬದಲಿಸಿ ಕೇಳಿ, ಅದೂ ಆಗದಿದ್ದರೆ ಅಲ್ಲಿಯೇ ಹಗಲಿನ ಕೆಲಸ ಹುಡುಕಲು ಹಿಂಜರಿಯಬೇಡಿ.